ಅಮ್ಮ ಹಾಕಿದ ಕಪ್ಪು ಕಲ್ಲು

ಅರವತ್ತರ ದಶಕದ ಕೊನೆಯಲ್ಲಿ ನಾನು ಪುತ್ತೂರಿನಲ್ಲಿ ಕಾಲೇಜು ಓದುತ್ತಿದ್ದೆ. ನಮ್ಮ ಇಂಗ್ಲಿಷ್ ಮಾಷ್ಟ್ರಿಗೆ ಗ್ರೀಕ್ ದುರಂತ ನಾಟಕಗಳ ಹುಚ್ಚು. ಆ ವರ್ಷದ ವಾರ್ಷಿಕೋತ್ಸವಕ್ಕೆ ಅಲ್ಲಿನ ಹಳೆಯ ಕಥೆಯೊಂದನ್ನು ತಾವೇ ಕನ್ನಡ ನಾಟಕವಾಗಿ ಬರೆದರು. ಯುದ್ಧಕ್ಕೆ ಹೊರಟ ರಾಜ, ಹಡಗಿಗೆ ಗಾಳಿ ಬೀಸಲೆಂದು ಸ್ವಂತ ಮಗಳನ್ನೇ ಬಲಿ ಕೊಡುತ್ತಾನೆ. ಗೆದ್ದು ಬಂದವನನ್ನು ರಾಣಿ ಮಗಳ ಸೇಡಿಗಾಗಿ ಕೊಲ್ಲುತ್ತಾಳೆ. ಅಪ್ಪನ ಸೇಡಿಗಾಗಿ ಮಗ ಅಮ್ಮನನ್ನು ಕೊಲ್ಲುತ್ತಾನೆ. ಆ ಮಗನ ಪಾತ್ರ ನನ್ನದು.

ಕೊನೆಯ ದೃಶ್ಯದಲ್ಲಿ ಅವನ ವಿಚಾರಣೆ. ಹನ್ನೆರಡು ಮಂದಿ ತೀರ್ಪುಗಾರರು ಮಡಕೆಗೆ ಕಲ್ಲು ಹಾಕಬೇಕು: ಬಿಳಿಯದಾದರೆ ಬಿಡುಗಡೆ, ಕಪ್ಪಾದರೆ ಶಿಕ್ಷೆ. ಆರು-ಆರು ಸಮ ಬಂದು, ವಿಚಾರಣೆ ನಡೆಸುವ ದೇವತೆ ತನ್ನ ಒಂದು ಮತ ಹಾಕಿ ನನ್ನನ್ನು ಬಿಡಿಸಬೇಕು.

ತೀರ್ಪುಗಾರರು ಊರವರೇ ಆಗಬೇಕೆಂದು ಮಾಷ್ಟ್ರ ಹಠ. ಒಪ್ಪಿಕೊಂಡಿದ್ದ ಹಿರಿಯರೊಬ್ಬರು ಬಸ್ಸು ತಪ್ಪಿ ಬರಲಿಲ್ಲ. ನಾಟಕ ನೋಡಲು ನಮ್ಮೂರು ಕೋಡಿಂಬಾಳದಿಂದ ಬಂದಿದ್ದ ನನ್ನ ಅಮ್ಮನನ್ನೇ ವೇದಿಕೆ ಹತ್ತಿಸಿ, ಮಾಷ್ಟ್ರು ಎರಡೂ ಕಲ್ಲು ಕೈಗಿತ್ತು, "ಬಿಳಿ ಹಾಕಿದ್ರೆ ಆಯ್ತು" ಎಂದರು.

ಮಡಕೆ ಸುರಿದಾಗ ಕಪ್ಪು ಏಳು, ಬಿಳಿ ಐದು! ದೇವತೆಯಾಗಿದ್ದ ನನ್ನ ಸಹಪಾಠಿ ಕಕ್ಕಾಬಿಕ್ಕಿಯಾದಳು.

"ಯಾರು ತಪ್ಪಿ ಹಾಕಿದ್ದು?" ಪರದೆಯ ಬದಿಯಿಂದ ಮಾಷ್ಟ್ರು ಕೇಳಿದರು.

"ತಪ್ಪಿ ಅಲ್ಲ, ನೋಡಿಯೇ ಹಾಕಿದ್ದು," ಅಮ್ಮ ಎದ್ದು ನಿಂತಳು. "ಹೆತ್ತವಳನ್ನು ಕೊಂದವನಿಗೆ ಬಿಳಿ ಕಲ್ಲಾ? ಎಂತ ಮಾರಾಯ್ರೆ ಇದು?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೇವತೆಗೂ ಊರ ಮಾತೇ ಬಂತು: "ಹಾಗಾದ್ರೆ ಇವನನ್ನು ಎಂತ ಮಾಡುದು?"

"ಕೊಲ್ಲುದು ಬೇಡ. ಆಮೇಲೆ ಕೊಂದವನನ್ನು ಕೊಲ್ಲಲಿಕ್ಕೆ ಇನ್ನೊಬ್ಬ ಬರ್ತಾನೆ. ಇದು ಮುಗಿಯುದು ಯಾವಾಗ? ತಪ್ಪಾಯ್ತು ಅಂತ ಎಲ್ಲರ ಎದುರು ಹೇಳಲಿ."

ನನಗೆ ಬೇರೆ ದಾರಿ ತೋಚಲಿಲ್ಲ. ಮೊಣಕಾಲೂರಿ, "ತಪ್ಪಾಯ್ತು" ಎಂದೆ. ಮುಖಕ್ಕೆ ಮಸಿ ಬಳಿದುಕೊಂಡು, ತಾಯಿಯನ್ನು ಕೊಂದದ್ದಕ್ಕೆ ನನ್ನನ್ನು ನಾಟಕದಲ್ಲಿ ಅಟ್ಟಿಸಿಕೊಂಡು ಬಂದಿದ್ದ ಸೇಡಿನ ದೇವಿಯರೇ ಮೊದಲು ಚಪ್ಪಾಳೆ ತಟ್ಟಿದರು. ತಲೆಯ ಮೇಲೆ ಕೈಯಿಟ್ಟುಕೊಂಡಿದ್ದ ಮಾಷ್ಟ್ರೂ ಆಮೇಲೆ ತಟ್ಟಿದರು.

ಮನೆಗೆ ಹೋಗುವ ಬಸ್ಸಿನಲ್ಲಿ ಅಮ್ಮ ಕೇಳಿದಳು: "ಆ ಹುಡುಗಿಯನ್ನು ಬಲಿ ಕೊಟ್ಟದ್ದಕ್ಕೆ ವಿಚಾರಣೆ ಇಲ್ವಾ? ಆಗಲೇ ನ್ಯಾಯ ಕೇಳಿದ್ರೆ ರಾಣಿ ಕತ್ತಿ ಹಿಡೀತಿದ್ಲಾ?"

ಸೋಮವಾರ ಮಾಷ್ಟ್ರಿಗೆ ಅಮ್ಮ ಕೇಳಿದ್ದನ್ನು ಹೇಳಿದೆ. ಅವರು ಆ ಪ್ರಶ್ನೆಯನ್ನು ಬರೆದುಕೊಂಡು, ಮುಂದಿನ ಭಾನುವಾರ ಕೋಡಿಂಬಾಳಕ್ಕೇ ಬಂದರು. ಅಮ್ಮ ನೀರುದೋಸೆ ಹೊಯ್ಯುತ್ತಾ, ಅವರು ತಿನ್ನುತ್ತಾ, ಮಧ್ಯಾಹ್ನದವರೆಗೆ ವಾದ ನಡೆಯಿತು. ಇಬ್ಬರೂ ಸೋಲಲಿಲ್ಲ. ಹಿಟ್ಟು ಮುಗಿಯಿತು.