ಮಲಗಿದ ಗೆರೆ

ಶಾಲೆಯ ಅಡುಗೆಕೋಣೆಗೂ ಒಂಬತ್ತನೇ ತರಗತಿಗೂ ನಡುವೆ ಇರುವುದು ಒಂದೇ ಗೋಡೆ. ಬಿಸಿಯೂಟಕ್ಕೆ ಬೇಳೆ ಬೇಯಿಸುವಾಗ ಪಾಠವೆಲ್ಲ ನನಗೆ ಕೇಳಿಸುತ್ತದೆ. ನಾನು ಓದಿದ್ದು ಮೂರನೇ ಇಯತ್ತೆ. ಆದರೂ ಆ ವೇಗದ ಗೆರೆಯ ಪಾಠ ನನಗೆ ಬಾಯಿಪಾಠವಾಯಿತು. ಟೀಚರ್ ಅಷ್ಟು ಸಲ ಹೇಳಿದರು.

ಮೊಮ್ಮಗಳು ಅದೇ ತರಗತಿಯಲ್ಲಿದ್ದಳು, ವಿಜ್ಞಾನದಲ್ಲಿ ಹಿಂದೆ. ಫೇಲಾದರೆ ಶಾಲೆ ಬಿಡಿಸಿ, ತಾಯಿಯ ಜೊತೆ ಭಂಕೂರಿಗೆ ಕಲ್ಲು ಪಾಲಿಶ್ ಮಾಡಲು ಕಳಿಸುತ್ತೇನೆ ಎಂದಿದ್ದ ನನ್ನ ಮಗ. ಹೇಳಿದರೆ ಮಾಡುವವನೇ.

ಟೀಚರ್ ಸೇಡಂ ಕಡೆಯ ಹುಡುಗಿ, ಅತಿಥಿ ಶಿಕ್ಷಕಿ. ಹಲಗೆಯ ಮೇಲೆ ರೈಲಿನ ವೇಗದ ಗೆರೆ ಎಳೆಯುತ್ತಿದ್ದರು. ಮೇಲಕ್ಕೆ ಹತ್ತಿ, ಸಪಾಟಾಗಿ ಮಲಗಿ, ಮತ್ತೆ ಕೆಳಗಿಳಿಯುವ ಗೆರೆ.

"ಮಲಗಿದಲ್ಲಿ ರೈಲು ಏನ್ ಮಾಡ್ಲಿಕತ್ತದ?"

"ವಾಡಿ ಸ್ಟೇಶನ್ದಾಗ ನಿಂತದರಿ!"

"ಇಳಿದಲ್ಲಿ?"

"ಹೊಳ್ಳಿ ಶಹಾಬಾದಿಗಿ ಹೊಂಟದರಿ!"

"ಇದು ದಾರಿ ಅಲ್ರವ್ವಾ, ವೇಗ! ಮ್ಯಾಲ ಮಲಗಿದ್ರ ಒಂದೇ ವೇಗದಾಗ ಓಡ್ಲಿಕತ್ತದ. ಇಳಿದ್ರ ನಿಧಾನ ಆಗ್ಲಿಕತ್ತದ. ತಳ ಮುಟ್ಟಿದ್ರ ನಿಂತಂಗ."

ಕಣ್ಣಾರೆ ನೋಡಿದರೆ ತಿಳಿದೀತೆಂದು ಒಂದು ದಿನ ನಾಲ್ಕೈದು ಹುಡುಗಿಯರನ್ನು ಟಂಟಂ ಆಟೋದಲ್ಲಿ ಚಿತ್ತಾಪುರದ ದಾರಿಗೆ ಕರೆದೊಯ್ದರು. ಹಿರಿಯರು ಒಬ್ಬರಿರಲಿ ಎಂದು ನನ್ನನ್ನೂ ಕೂರಿಸಿಕೊಂಡರು. ವೇಗ ತೋರಿಸುವ ಮುಳ್ಳು ನೋಡಿ ಅಂಕಿ ಬರೆದುಕೊಳ್ಳಬೇಕು. ಗಾಡಿ ಕುಲುಕುತ್ತ ಓಡಿತು. ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ.

"ಅದು ಸತ್ತು ಭಾಳ ದಿನ ಆತ್ರಿ ಟೀಚರ್," ಎಂದ ಚಾಲಕ. "ನಾ ಕಿವಿಲಿಂದ ಗಾಡಿ ಹೊಡಿತೀನಿ."

ಅಷ್ಟರಲ್ಲಿ ಮೊಮ್ಮಗಳು ಸೊನ್ನೆಗಳನ್ನೆಲ್ಲ ಬರೆದು ಗೆರೆ ಕೂಡಿಸಿದ್ದಳು. "ತಳದಾಗ ಮಲಗ್ಯದ, ಗಾಡಿ ಓಡ್ಲಿಕತ್ತದ. ಬರೋಬ್ಬರಿ ಅದ ಏನ್ರಿ ಟೀಚರ್?"

ಟೀಚರ್ ಹಣೆ ಹಿಡಿದುಕೊಂಡರು.

ಮೊದಲು ತಪ್ಪು ಒಂದಿತ್ತು, ಈಗ ಎರಡಾದವು. ಆಮೇಲೆ ದಿನಾಲೂ ಶಾಲೆ ಬಿಟ್ಟ ಮೇಲೆ ಅವಳೊಬ್ಬಳನ್ನೇ ಕೂರಿಸಿಕೊಂಡು ಹೇಳಿಕೊಟ್ಟರು. ಅವಳು ಎಲ್ಲದಕ್ಕೂ ಗೋಣು ಹಾಕಿದಳು. ತಿಳಿಯಲಿಲ್ಲ ಎನ್ನಲು ನಾಚಿಕೆ.

ಪರೀಕ್ಷೆಯಲ್ಲಿ ಅದೇ ಗೆರೆ ಬಂತು. ಮೇಲೆ ಮಲಗಿದ್ದು ನಿಂತಿದೆ, ತಳದಲ್ಲಿ ಮಲಗಿದ್ದು ಓಡುತ್ತಿದೆ ಎಂದು ಬರೆದು ಬಂದಳು. ಉಳಿದದ್ದೂ ಅಷ್ಟಕ್ಕಷ್ಟೇ. ಫೇಲಾದಳು.

ಟೀಚರ್ ನಮ್ಮ ಮನೆಗೆ ಬಂದು ಮಗನನ್ನು ಕೇಳಿಕೊಂಡರು. "ಅಣ್ಣಾರ, ಇನ್ನೊಂದು ಪರೀಕ್ಷೆ ಅದರಿ. ನಾ ಕಲಸ್ತೀನಿ."

"ವರ್ಷೆಲ್ಲಾ ಕಲಿಸೀರಲ್ರಿ. ಕಲ್ತಳೇನು?"



"ಇನ್ನೊಂದ್ಸಲ ಪರೀಕ್ಷಾಕ್ಕ ಕುಂದ್ರಸೋ," ಎಂದೆ ನಾನು.

"ನಿನಗ ಬರ್ತದಲ್ಲ ಆ ಗೆರಿ! ನೀನೇ ಕಲಿಸಬೇಕಿತ್ತು."

ನನಗೆ ಬರುತ್ತಿದ್ದದ್ದು ಹೇಳುವುದಕ್ಕೆ ಮಾತ್ರ. ಇನ್ನೊಬ್ಬರ ತಲೆಗೆ ಇಳಿಸುವುದು ನನಗೂ ಬರಲಿಲ್ಲ, ಆ ಟೀಚರ್ ಹುಡುಗಿಗೂ ಬರಲಿಲ್ಲ. ಟೀಚರಿಗೆ ಚಹಾ ಕೊಟ್ಟೆ. ಅರ್ಧ ಕುಡಿದು ಎದ್ದು ಹೋದರು.

ಸೋಮವಾರ ಬೆಳಿಗ್ಗೆ ಭಂಕೂರಿಗೆ ಹೊರಡುವ ಮುಂಚೆ ಸೊಸೆ ಮಗಳ ಮೂಗು ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿದಳು.

"ಬಿಗಿ ಆತು, ಯವ್ವಾ."

"ಸಡ್ಲ ಬಿಟ್ರ ಧೂಳು ಒಳಗ ಹೋಗ್ತದ," ಎಂದು ಸೊಸೆ ಇನ್ನೊಂದು ಗಂಟು ಹಾಕಿದಳು.