ನಾಲ್ಕು ಗಂಟೆಯ ದಾರಿ

ಗಾಜಿನ ತೊಟ್ಟಿಯಲ್ಲಿ ಸಾಕುವ ಬಣ್ಣದ ಮೀನುಗಳನ್ನು ಹೊರದೇಶಕ್ಕೆ ಕಳಿಸುವುದು ನನ್ನ ಕಸುಬು. ಕಳಿಸುವವನು ನಾನೆಂದು ಬೋರ್ಡು ಹೇಳುತ್ತದೆ. ಅವು ಜೀವಂತ ತಲುಪುವಂತೆ ಮಾಡುತ್ತಿದ್ದವನು ಗಾಳಿಯಣ್ಣ. ಪ್ಲಾಸ್ಟಿಕ್ ಚೀಲಕ್ಕೆ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್ ತುಂಬಿ ರಬ್ಬರ್ ಬ್ಯಾಂಡು ಬಿಗಿಯುವುದರಲ್ಲೇ ಇಪ್ಪತ್ತಾರು ವರ್ಷ ಸವೆಸಿದವನಿಗೆ ಬೇರೆ ಯಾವ ಹೆಸರು ಅಂಟೀತು?

ನಮ್ಮ ವಿಮಾನ ನಿಲ್ದಾಣದಿಂದ ಗಿರಾಕಿಯ ದೇಶದ ನಿಲ್ದಾಣಕ್ಕೆ ಎರಡು ಸಾವಿರದ ಏಳುನೂರು ಕಿಲೋಮೀಟರು, ನಾಲ್ಕು ಗಂಟೆ ಹಾರಾಟ. ಗಾಳಿಯಣ್ಣ ಮಾತ್ರ ಎರಡು ದಿನಕ್ಕಾಗುವಷ್ಟು ಗಾಳಿ ತುಂಬಿ, ಚೀಲಕ್ಕೆ ಮೀನು ಕಡಿಮೆ ಹಾಕುತ್ತಿದ್ದ. ಮೀನುಗಳೇನು ನಡೆದುಕೊಂಡು ಹೋಗುತ್ತವೆಯೇ ಎಂದು ಕೆಣಕಿದರೆ, ಹಾರುವುದು ನಾಲ್ಕೇ ಗಂಟೆ, ಕಾಯುವುದಕ್ಕೆ ಲೆಕ್ಕವಿಲ್ಲ ಎನ್ನುತ್ತಿದ್ದ. ಒಮ್ಮೆ ನಾನೇ ಹಟ ಹಿಡಿದು ಕಿಕ್ಕಿರಿದು ತುಂಬಿಸಿದೆ. ಅತ್ತ ಕಡೆ ರಜೆ. ಪೆಟ್ಟಿಗೆಗಳು ಸರಕಿನ ಶೆಡ್ಡಿನಲ್ಲೇ ಉಳಿದು ಮೀನುಗಳೆಲ್ಲ ಸತ್ತು ಕೊಳೆತವು. ಅವನು ಸತ್ತ ಮೀನಿನ ಲೆಕ್ಕ ಬರೆದಿಟ್ಟು ಮತ್ತೆ ಚೀಲ ಕಟ್ಟಲು ಕೂತ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದೇ ದೇಶದಲ್ಲಿ ಕ್ರೇನ್ ಓಡಿಸುತ್ತಿದ್ದ ಅವನ ತಮ್ಮ ಒಂದು ಭಾನುವಾರ ಎದೆನೋವಿನಿಂದ ತೀರಿಕೊಂಡ.

ಸೋಮವಾರ ಬೆಳಗ್ಗೆ ನಾನು ಅವರ ಮನೆಗೆ ಹೋದಾಗ ಗಾಳಿಯಣ್ಣ ಶವ ತರಿಸುವ ಕಾಗದಪತ್ರಕ್ಕೆಂದು ಕಚೇರಿಗೆ ಹೋಗಿದ್ದ. ಎಪ್ಪತ್ತೆಂಟರ ತಾಯಿ ಗೋಡೆಗೊರಗಿ ಕೂತಿದ್ದಳು. ನಾಲ್ಕೇ ಗಂಟೆಯ ದಾರಿ ಅಕ್ಕ, ಸಂಜೆಗೆ ಬಂದುಬಿಡುತ್ತಾನೆ ಎಂದು ಅವಳ ತಮ್ಮ, ಗಾಳಿಯಣ್ಣನ ಸೋದರಮಾವ, ಹೇಳಿಬಿಟ್ಟಿದ್ದ. ಮಗನ ಮುಖ ನೋಡುವ ತನಕ ತೊಟ್ಟು ನೀರೂ ಮುಟ್ಟೆನೆಂದು ಅವಳು ಹಟ ಹಿಡಿದಿದ್ದಳು. ಹಿಂದಿನ ದಿನದಿಂದ ಏನೂ ಕುಡಿದಿರಲಿಲ್ಲ, ತುಟಿ ಒಡೆದಿತ್ತು. ಹೀಗೇ ಆದರೆ ಎರಡು ಹೆಣ ಎತ್ತಬೇಕಾದೀತೆಂದು ಪಕ್ಕದ ಮನೆಯ ನರ್ಸು ನನ್ನ ಕಿವಿಯಲ್ಲಿ ಹೇಳಿದಳು.

ಗಾಳಿಯಣ್ಣ ಬಂದ ಕೂಡಲೇ ಸೋದರಮಾವ ಬಾಗಿಲಲ್ಲೇ ತಡೆದು, ಸದ್ಯಕ್ಕೆ ಸಂಜೆ ಎಂದೇ ಹೇಳು, ಆಮೇಲೆ ಬೆಳಗ್ಗೆ ಅನ್ನೋಣ ಎಂದ. ನಾನೂ ತಲೆಯಾಡಿಸಿದೆ. ನಾಳೆ, ನಾಳೆ ಎಂದು ದಿನ ದೂಡುವುದು ವ್ಯಾಪಾರಿಗೆ ಹುಟ್ಟುಗುಣ. ಗಾಳಿಯಣ್ಣ ನಮ್ಮಿಬ್ಬರನ್ನೂ ದಾಟಿ ಒಳಗೆ ಹೋಗಿ ತಾಯಿಯೆದುರು ನೆಲದ ಮೇಲೆ ಕೂತ.

"ಅಮ್ಮ, ಅವನು ಇವತ್ತು ಬರಲ್ಲ. ನಾಳೆನೂ ಬರಲ್ಲ. ಗುರುವಾರ ಬರ್ತಾನೆ."

"ಅಲ್ಲೀತನಕ ಎಲ್ಲಿರ್ತಾನೋ?"

ಅವನು ಒಂದೊಂದಾಗಿ ಹೇಳಿದ. ಇವತ್ತು ಆಸ್ಪತ್ರೆಯ ತಣ್ಣನೆ ಕೋಣೆ. ನಾಳೆ ಪೊಲೀಸರ ಕಾಗದ. ಬುಧವಾರ ಸರ್ಕಾರಿ ಮೊಹರು, ಪೆಟ್ಟಿಗೆ. ಆಮೇಲೆ ಸರಕಿನ ಶೆಡ್ಡು, ಆಮೇಲೆ ವಿಮಾನ, ಮತ್ತೆ ನಮ್ಮ ನಿಲ್ದಾಣದ ಶೆಡ್ಡು. ಶೆಡ್ಡು ಎಂದಾಗ ಒಮ್ಮೆ ನನ್ನ ಕಡೆ ನೋಡಿದ. ಮುದುಕಿ ಪ್ರತಿಯೊಂದಕ್ಕೂ ಹೂಂಗುಟ್ಟಿದಳು, ಮಗನ ಹಿಂದೆಯೇ ನಡೆಯುತ್ತಿರುವವಳಂತೆ.

"ಅಷ್ಟು ದಿನ ನೀನು ಇರ್ಬೇಕಮ್ಮ. ಅವನು ಬಂದಾಗ ನೋಡೋಕೆ ನೀನೇ ಇಲ್ದಿದ್ರೆ ಅವನನ್ನ ಯಾರಿಗೆ ತೋರಿಸ್ಲಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಇಷ್ಟೆಲ್ಲ ಗೊತ್ತಿದ್ದೋನು ಬೆಳಗ್ಗೆನೇ ಬೊಗಳೋಕೇನಾಗಿತ್ತು? ನಿಮ್ಮ ಮಾವನ ಮಾತು ಕೇಳ್ಕೊಂಡು ಕೂತೆ ನಾನು," ಎಂದು ಬೈದು ಬಿಸಿನೀರು ಕೇಳಿದಳು. ಗಾಳಿಯಣ್ಣ ಲೋಟ ಹಿಡಿದು ತಾನೇ ಕುಡಿಸಿದ.

ಅವನ ಲೆಕ್ಕವೂ ಒಂದು ದಿನ ತಪ್ಪಿತು. ಗುರುವಾರ ಪೆಟ್ಟಿಗೆ ಬರಲಿಲ್ಲ. ನಾವೆಲ್ಲ ಪರಸ್ಪರ ಮುಖ ನೋಡುತ್ತ ನಿಂತಿದ್ದೆವು. ಮುದುಕಿ ಯಾರನ್ನೂ ಏನೂ ಕೇಳಲಿಲ್ಲ. ಗೋಡೆ ಹಿಡಿದೆದ್ದು ಅಡುಗೆಮನೆಗೆ ಹೋಗಿ ತಾನೇ ತಟ್ಟೆಗೆ ಅನ್ನ ಹಾಕಿಕೊಂಡು ಊಟಕ್ಕೆ ಕೂತಳು. ಶುಕ್ರವಾರ ಮಧ್ಯಾಹ್ನ ಮಗನ ಮುಖ ನೋಡಲು ಬಾಗಿಲಿನವರೆಗೆ ನಡೆದೇ ಬಂದಳು.