ಗೋರಖನಾಥರು ಬ್ಯಾಡ ಅಂದಿದ್ದ ಗಾಡಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಬೀದರದ ನೌಬಾದದ ಗಲ್ಲಿಯೊಂದರಲ್ಲಿ ಬಿಳಿ ಕಾರು ನಿಂತಿದೆ. ಗೋರಖನಾಥರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಯಾರನ್ನೂ ಮಾತನಾಡಿಸದೆ ನೇರವಾಗಿ ಕಾರಿನ ಹತ್ತಿರ ಹೋಗುತ್ತಾರೆ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡುತ್ತಾರೆ.

“ಬೆಚ್ಚಗದಲ್ರಿ,” ಎನ್ನುತ್ತಾರೆ.

ಮಾರುವವರು ಸತೀಶಕುಮಾರ ಎಂಬ ಅಂಗಡಿಕಾರರು. “ಈಗಷ್ಟೇ ಗೇಟಿನ ಹೊರಗ ತಂದೀನ್ರಿ. ನಿಮಗ ನೋಡ್ಲಿಕ್ಕ ಛಲೋ ಆಗ್ಲಿ ಅಂತ.”

“ಗೇಟಿನಿಂದ ಇಲ್ಲಿಗಿ ಹತ್ತು ಹೆಜ್ಜಿ. ಇದು ಅರ್ಧ ತಾಸು ಓಡಿದ ಬಿಸಿ. ಇರ್ಲಿ, ಆರ್ಲಿ. ನಾ ಕೂಡ್ತೇನಿ.”

ಹೇಳಿದಂತೆ ಮೆಟ್ಟಿಲ ಮೇಲೆ ಕೂತೇ ಬಿಡುತ್ತಾರೆ. ಬಿಸಿಯಾದ ಎಂಜಿನ್ ತನ್ನ ಕಾಯಿಲೆ ಬಚ್ಚಿಟ್ಟುಕೊಳ್ಳುತ್ತದೆ, ತಣ್ಣಗಿರುವಾಗ ಚಾಲೂ ಮಾಡಿದರೆ ಕೆಮ್ಮು, ಹೊಗೆ ಎಲ್ಲ ಹೊರಗೆ ಬೀಳುತ್ತದೆ ಎನ್ನುವುದು ಅವರ ಅನುಭವ. ಅದಕ್ಕೇ ಅವರ ಕೆಲಸ ನಸುಕಿನಲ್ಲಿ. ಒಂದೂವರೆ ತಾಸಿನ ನಂತರ ಕೀಲಿ ತಿರುಗಿಸಿದಾಗ ಕಾರಿನ ಹಿಂದಿನಿಂದ ನೀಲಿ ಹೊಗೆ ಏಳುತ್ತದೆ. ಕೊಳ್ಳಲು ಬಂದವರ ಕಡೆ ತಿರುಗಿ ಒಂದೇ ಮಾತು ಹೇಳುತ್ತಾರೆ: “ಬ್ಯಾಡ್ರಿ.”

ಹಳೆಯ ಕಾರು ಕೊಳ್ಳುವವರ ಪರವಾಗಿ ಕಾರು ಪರೀಕ್ಷಿಸಿ ಕೊಡುವುದು ಐವತ್ತೇಳರ ಗೋರಖನಾಥರ ವೃತ್ತಿ. ವಾರದ ದಿನಗಳಲ್ಲಿ ಎರಡು-ಮೂರು, ಭಾನುವಾರ ಐದಾರು ಗಾಡಿ. ಬೀದರ ಮಾತ್ರವಲ್ಲ, ಭಾಲ್ಕಿ, ಔರಾದಗಳಿಂದಲೂ ಕರೆ ಬರುತ್ತದೆ. ಹನ್ನೊಂದು ವರ್ಷದಿಂದ ಇದೇ ನಡೆದಿದೆ. ಹತ್ತು ಗಾಡಿ ನೋಡಿದರೆ ಏಳಕ್ಕೆ ಬೇಡ ಅನ್ನುತ್ತಾರೆ. ದಲಾಲರು ಅವರಿಗೆ ‘ಶಕ್ ಗೋರಖನಾಥ’, ಅಂದರೆ ಅನುಮಾನದ ಗೋರಖನಾಥ, ಎಂದು ಹೆಸರಿಟ್ಟಿದ್ದಾರೆ. ಅವರ ಚೀಲದಲ್ಲಿರುವುದು ಒಂದು ಟಾರ್ಚು, ಕೈಗನ್ನಡಿ ಮತ್ತು ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ. ತಗಡಿಗೆ ಅಯಸ್ಕಾಂತ ಹಿಡಿಯುತ್ತದೆ. ಗುದ್ದಿದ ಜಾಗಕ್ಕೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರಿ ಬೀಳುತ್ತದೆ.

“ಬಾಜಾರದಿಂದ ನಾಕು ಬದನಿಕಾಯಿ ತಂದ್ರೂ ತಿರುವಿ ತಿರುವಿ ನೋಡ್ತಾರ,” ಎನ್ನುತ್ತಾರೆ ಹೆಂಡತಿ ಸುಭದ್ರಾಬಾಯಿ. “ನನ್ನ ಹ್ಯಾಂಗ ಒಂದೇ ಸಲಕ್ಕ ಒಪ್ಪಿದ್ರೋ ಗೊತ್ತಿಲ್ರಿ.”

ಈ ಅನುಮಾನ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಈ ವೃತ್ತಿಗೂ ಮೊದಲು ಇಪ್ಪತ್ತು ವರ್ಷ ಅವರು ಬೀದರದ ಒಂದು ಗ್ಯಾರೇಜಿನಲ್ಲಿ ಡೆಂಟಿಂಗ್ ಕೆಲಸ ಮಾಡುತ್ತಿದ್ದರು. ನಜ್ಜುಗುಜ್ಜಾದ ಗಾಡಿಗಳನ್ನು ಬಡಿದು, ತಿಕ್ಕಿ, ಬಣ್ಣ ಬಳಿದು ಹೊಸದರಂತೆ ಕಾಣಿಸುವುದರಲ್ಲಿ ಅವರದು ಎತ್ತಿದ ಕೈ. ಹಾಗೆ ಸಿಂಗಾರ ಮಾಡಿ ಕಳಿಸಿದ ಒಂದು ಕಾರನ್ನು ಔರಾದದ ಹಾವಗೆಪ್ಪ ಎಂಬವರು ಕೊಂಡರು. ಅದರ ಚಾಸಿ, ಅಂದರೆ ಗಾಡಿಯ ಅಡಿಕಟ್ಟು, ಮುಂಭಾಗದಲ್ಲಿ ಸೀಳಿಹೋಗಿತ್ತು. ಗ್ಯಾರೇಜಿನ ಮಾಲೀಕ ಹೇಳಿದಂತೆ ಗೋರಖನಾಥರು ಮೇಲಿಂದ ಮೇಲೆ ವೆಲ್ಡಿಂಗ್ ಎಳೆದು ಕಪ್ಪು ಬಣ್ಣ ಬಳಿದಿದ್ದರು. ಎರಡೇ ತಿಂಗಳು. ಔರಾದದ ರಸ್ತೆಯಲ್ಲಿ ಚಾಸಿ ಬಿಟ್ಟುಕೊಂಡು ಕಾರು ತೊಗರಿ ಹೊಲಕ್ಕೆ ನುಗ್ಗಿತು. ಹಾವಗೆಪ್ಪನವರ ಹೆಂಡತಿ ಸುಮಿತ್ರಾಬಾಯಿಯವರ ಬಲಗೈ ಮೊಣಕೈ ಹತ್ತಿರ ಮುರಿಯಿತು. ಇವತ್ತಿಗೂ ಅದು ಪೂರ್ತಿ ಮಡಚುವುದಿಲ್ಲ.

ಸುದ್ದಿ ಕೇಳಿ ಗೋರಖನಾಥರು ಬಸ್ಸು ಹತ್ತಿ ಔರಾದಕ್ಕೆ ಹೋದರು. ಹೊರಸಿನ ಮೇಲೆ ಕೂತಿದ್ದ ಸುಮಿತ್ರಾಬಾಯಿ ಬೈಯಲಿಲ್ಲ, ಅಳಲಿಲ್ಲ. “ನಿಮಗ ಗೊತ್ತಿತ್ತೇನ್ರಿ?” ಎಂದು ಕೇಳಿದರು.

“ಗೊತ್ತಿತ್ತರಿ ಅಂದೆ,” ಎನ್ನುತ್ತಾರೆ ಗೋರಖನಾಥರು. “ಅಷ್ಟೇ ಮಾತಾಗಿದ್ದು. ಮರುದಿನ ಗ್ಯಾರೇಜಿಗಿ ಹೋಗ್ಲಿಲ್ಲ. ಯಾವ ಯಾವ ಕಡಿ ಹ್ಯಾಂಗ ಮುಚ್ಚತಾರ ಅನ್ನೋದು ನನಗ ಗೊತ್ತದ. ಯಾಕಂದ್ರ ಮುಚ್ಚಿದಾವ ನಾನೇ.”

ಅಲ್ಲಿಂದ ಮುಂದೆ ಅವರು ಯಾವ ಗಾಡಿಯನ್ನೂ ನಂಬಲಿಲ್ಲ. ಬೆಸೆದ ಗಾಡಿ ಕಂಡರಂತೂ ಮುಗಿಯಿತು, ಎರಡನೇ ಮಾತೇ ಇಲ್ಲ. ಆ ಹಟವನ್ನು ಅಲ್ಲಾಡಿಸಿದ್ದು ಬೂದಿ ಬಣ್ಣದ ಒಂದು ಸಣ್ಣ ಕಾರು.

ಆಮ್ರಪಾಲಿ ಔರಾದ ತಾಲೂಕಿನ ಹಳ್ಳಿಗಳಲ್ಲಿ ಕೆಲಸ ಮಾಡುವ ಆರೋಗ್ಯ ಕಾರ್ಯಕರ್ತೆ. ಔರಾದಕ್ಕೆ ರೈಲಿಲ್ಲ, ಹಳ್ಳಿಗಳಿಗೆ ದಿನಕ್ಕೆರಡು ಬಸ್ಸು. ಲಸಿಕೆಯ ಡಬ್ಬಿ ಹಿಡಿದು ನಿಲ್ದಾಣದಲ್ಲಿ ಕಾದು ಸಾಕಾಗಿ, ನಾಲ್ಕು ವರ್ಷದ ಹಿಂದೆ ಕಾರು ಕೊಳ್ಳಲು ನಿರ್ಧರಿಸಿದರು. ಭಾಲ್ಕಿಯ ಬಟ್ಟೆ ವ್ಯಾಪಾರಿಯೊಬ್ಬರ ಕಾರು ಅವರ ಕೈಗೆಟುಕುವಂತಿತ್ತು. ಗೋರಖನಾಥರು ನೋಡಲು ಹೋದರು. ಇಷ್ಟು ಕಡಿಮೆಗೆ ಯಾಕೆ ಕೊಡುತ್ತಿದ್ದಾರೆ ಎಂಬಲ್ಲಿಂದಲೇ ಅವರ ಶಂಕೆ ಶುರು. ಎಡಗಡೆಯ ಎರಡು ಬಾಗಿಲುಗಳ ನಡುವಿನ ಕಂಬದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ, ಒಳಗೆ ವೆಲ್ಡಿಂಗಿನ ಗೆರೆ ಎದ್ದು ಕಾಣುತ್ತಿತ್ತು. ತಿಕ್ಕಿರಲಿಲ್ಲ, ಪುಟ್ಟಿ ಹಚ್ಚಿರಲಿಲ್ಲ.

“ಕಂಬ ಮುರದದ ತಂಗಿ. ಬ್ಯಾಡ,” ಅಂದರು.

“ಬ್ಯಾರೆ ಗಾಡಿ ನನ್ನ ಕೈಲೆ ಆಗಂಗಿಲ್ರಿ ಕಾಕಾ,” ಅಂದರು ಆಮ್ರಪಾಲಿ. ಮತ್ತು ಅದನ್ನೇ ಕೊಂಡರು.

ಗೋರಖನಾಥರಿಗೆ ನಿದ್ದೆ ಕೆಟ್ಟಿತು. ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದರು. ಬಾಗಿಲು ಸರಿಯಾಗಿ ಕೂಡುತ್ತದೆಯೇ, ತಗ್ಗಿನಲ್ಲಿ ಇಳಿದಾಗ ಕಿರ್ ಅನ್ನುತ್ತದೆಯೇ, ಮಳೆನೀರು ಒಳಗೆ ಬರುತ್ತದೆಯೇ? ಎಲ್ಲದಕ್ಕೂ “ಇಲ್ರಿ ಕಾಕಾ, ಛಲೋ ಅದ” ಎಂದೇ ಉತ್ತರ. ಅದು ಅವರ ಸಂಶಯವನ್ನು ಹೆಚ್ಚಿಸಿತೇ ಹೊರತು ಇಳಿಸಲಿಲ್ಲ. ತನಗೆ ಬೇಸರ ಆಗದಿರಲೆಂದು ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರು. ಒಮ್ಮೆ ಹೇಳದೆ ಕೇಳದೆ ಔರಾದಕ್ಕೇ ಹೋಗಿ ಕಾರಿನ ಕೆಳಗೆ ಮಲಗಿ ನೋಡಿ ಬಂದರು. ಏನೂ ಸಿಗಲಿಲ್ಲ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಆ ಫೋನು ಬಂತು. ಅಡ್ಡದಾರಿಯಿಂದ ನುಗ್ಗಿದ ಟ್ರ್ಯಾಕ್ಟರಿನ ಟ್ರಾಲಿ ಆಮ್ರಪಾಲಿಯ ಕಾರಿಗೆ ಎಡಮಗ್ಗುಲಲ್ಲಿ ಬಡಿದಿತ್ತು. ಆ ಕಡೆ ಕೂತಿದ್ದವರು ಸಹೋದ್ಯೋಗಿ ಪ್ರಣಾಲಿ.

“ಸುಮಿತ್ರಾಬಾಯಿ ಕೈನೇ ಕಣ್ಣ ಮುಂದ ಬಂತು,” ಎನ್ನುತ್ತಾರೆ ಗೋರಖನಾಥರು. “ನಾ ಅಂದಿದ್ದೇ ಆಯ್ತಲ್ಲ ಅಂತ ಸಿಕ್ಕ ಗಾಡಿ ಹತ್ತಿ ಓಡಿದೆ.”

ಅವರು ತಲುಪಿದಾಗ ಇಬ್ಬರೂ ಹೆಣ್ಣುಮಕ್ಕಳು ರಸ್ತೆ ಬದಿಯ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದರು. ಪ್ರಣಾಲಿಯ ಕೆನ್ನೆಯ ಮೇಲೆ ಗಾಜು ಗೀರಿದ ಎರಡು ಗೆರೆ, ಅಷ್ಟೇ. ಗೋರಖನಾಥರಿಗೆ ಅದೂ ನಂಬಿಕೆ ಬರಲಿಲ್ಲ. ಕೈ ಎತ್ತು, ಕುತ್ತಿಗೆ ತಿರುಗಿಸು ಎಂದು ಪರೀಕ್ಷೆ ಮಾಡಿಯೇ ಕಾರಿನ ಕಡೆ ಹೋದರು. ಎರಡೂ ಬಾಗಿಲು ಒಳಗೆ ಮಡಚಿದ್ದವು. ನಡುವಿನ ಕಂಬ ಮಾತ್ರ ನೆಟ್ಟಗೆ ನಿಂತಿತ್ತು. ಮುಚ್ಚಳ ಕಿತ್ತು ಟಾರ್ಚು ಹಿಡಿದರು. ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ.

ಇದನ್ನು ಬೆಸೆದವರು ಯಾರು? ಗೋರಖನಾಥರು ಮರುದಿನವೇ ಭಾಲ್ಕಿಗೆ ಹೋದರು. ಬಟ್ಟೆ ವ್ಯಾಪಾರಿ ಮೊದಲು ಆ ಗಾಡಿ ಎಲ್ಲೂ ಗುದ್ದಿಯೇ ಇಲ್ಲ ಎಂದರು. ನಂತರ, ಇವರು ಅಂಗಡಿ ಬಿಟ್ಟು ಕದಲುವುದಿಲ್ಲ ಎಂದು ಗೊತ್ತಾದ ಮೇಲೆ, ಅಬ್ದುಲ ಗಫೂರ ಎಂಬ ಹೆಸರು ಹೇಳಿದರು. ಎಪ್ಪತ್ತು ದಾಟಿದ ಗಫೂರ ಸಾಹೇಬರು ಕಣ್ಣು ಮಂಜಾಗಿ ಕೆಲಸ ಬಿಟ್ಟು, ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಅಲ್ಲಿಯೂ ಗೋರಖನಾಥರ ಶಂಕೆ ಬಿಡಲಿಲ್ಲ. ಬೇಕೆಂದೇ ತಪ್ಪು ಕೇಳಿದರು: “ಚಾಚಾ, ಬೂದಿ ಬಣ್ಣದ ಗಾಡಿ. ಬಲಗಡಿ ಕಂಬ ಬೆಸದಿದ್ರಿ, ನೆನಪದ ಏನ್ರಿ?”

“ಎಡಗಡಿ,” ಅಂದರು ಮುದುಕರು. “ನನ್ನ ಪರೀಕ್ಷಾ ಮಾಡ್ಲತ್ತೀರಿ ಏನು?”

ಗೋರಖನಾಥರು ತಪ್ಪೊಪ್ಪಿಕೊಂಡು ನೆಲದ ಮೇಲೆ ಕೂತರು. ಗಫೂರ ಸಾಹೇಬರು ಹೇಳಿದರು: “ಮ್ಯಾಲಿಂದ ಮ್ಯಾಲ ಬೆಸುಗಿದು ಒಂದ್ ಟಾಕಾ ಹಾಕಿ ಕೊಡು ಅಂದ್ರು ಮಾಲಕ್ರು. ಹಂಗ ಬೇಕಂದ್ರ ಬ್ಯಾರೆ ಕಡಿ ಒಯ್ರಿ ಅಂದೆ. ಕಂಬದ ಒಳಗ ಇನ್ನೊಂದು ದಪ್ಪ ತಗಡಿನ ಪತ್ರಾ ಕೂಡ್ಸಿ, ಎರಡೂ ಕಡಿ ಬೆಸದೆ. ಮೂರು ದಿನ ಹಿಡೀತು.”

“ಮತ್ತ ತಿಕ್ಕಿ ಪುಟ್ಟಿ ಹಚ್ಚಿ ಯಾಕ ಮುಚ್ಚಲಿಲ್ಲ?”

“ಮುಚ್ಚಿದ್ರ ಮುಂದ ನೋಡೋನಿಗಿ ಹ್ಯಾಂಗ ತಿಳೀಬೇಕು? ತುಕ್ಕು ಹಿಡೀತೋ ಏನೋ, ಕಣ್ಣಿಗಿ ಕಾಣಬೇಕಲ್ಲ.”

ಬಚ್ಚಿಡದೆ ಬಿಟ್ಟದ್ದನ್ನೇ ತಾನು ದೋಷ ಎಂದುಕೊಂಡಿದ್ದೆ ಎಂಬುದು ಗೋರಖನಾಥರಿಗೆ ಆಗ ತಿಳಿಯಿತು. ಇಪ್ಪತ್ತು ವರ್ಷ ಮುಚ್ಚುವ ಕೆಲಸ ಮಾಡಿದವರಿಗೆ, ತೆರೆದಿಟ್ಟ ಕೆಲಸ ಹೇಗಿರುತ್ತದೆ ಎಂದೇ ಗೊತ್ತಿರಲಿಲ್ಲ. ಆ ದಿನ ಮಧ್ಯಾಹ್ನದವರೆಗೂ ಗಫೂರ ಸಾಹೇಬರ ಹತ್ತಿರ ಕೂತು, ಪತ್ರಾ ಎಷ್ಟು ದಪ್ಪದ್ದು, ಬೆಸುಗೆ ಎಲ್ಲಿಂದ ಶುರು ಮಾಡಬೇಕು ಎಂದೆಲ್ಲ ಕೇಳಿಕೊಂಡು ಬಂದರು.

ಔರಾದಕ್ಕೆ ಹೋಗಿ “ತಂಗಿ, ನಾ ಹೇಳಿದ್ದು ತಪ್ಪಾಗಿತ್ತು” ಎಂದರೆ, ಆಮ್ರಪಾಲಿ ನಕ್ಕರಂತೆ. “ನೀವು ಬ್ಯಾಡ ಅಂದಿದ್ದಕ್ಕೇ ಅಂಜಿ ಅಂಜಿ ಓಡ್ಸೀನಿ ಕಾಕಾ. ಇಲ್ಲಂದ್ರ ಆ ದಿನನೂ ಜೋರ್ ಹೊಂಟಿರ್ತಿದ್ದೆ.” ಬಾಗಿಲು ಬದಲಾದ ಆ ಕಾರು ಈಗ ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರ್ ದಾಟಿ ಓಡುತ್ತಿದೆ.

ಈಗ ಗೋರಖನಾಥರಿಗೆ ಇನ್ನೊಂದು ಕೆಲಸ ಅಂಟಿಕೊಂಡಿದೆ. ತಾವು ಬೇಡ ಅಂದರೂ ಜನ ಕೊಂಡ ಗಾಡಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಇದುವರೆಗೆ ಹತ್ತೊಂಬತ್ತು ಸಿಕ್ಕಿವೆ. ಹನ್ನೆರಡರ ಬಗ್ಗೆ ಅವರು ಹೇಳಿದ್ದೇ ನಿಜವಾಗಿದೆ. ಏಳು ಮಾತ್ರ ಕೊಂಡವರೂ ನಿರೀಕ್ಷಿಸದಷ್ಟು ಚೆನ್ನಾಗಿ ನಡೆದಿವೆ. ಮನ್ನಳ್ಳಿಯ ನಾಗಸೇನರ ವ್ಯಾನಿನ ಸೀಟು ಮೂಸಿ, ಇದು ಹೊಳೆನೀರಲ್ಲಿ ಮುಳುಗಿದ ಗಾಡಿ ಎಂದಿದ್ದರು. ಅದು ಹಾಲಿನ ಕ್ಯಾನು ಉರುಳಿ ಹಿಡಿದ ವಾಸನೆಯಾಗಿತ್ತು. ವ್ಯಾನು ಆರು ವರ್ಷದಿಂದ ಒಂದು ದಿನವೂ ನಿಂತಿಲ್ಲ. “ಅವರು ಸಿಕ್ಕಾಗೊಮ್ಮೆ ಮೂಗು ಮುಟ್ಟಿಕೊಂಡು ತೋರಸ್ತಾರ್ರಿ,” ಎಂದು ಗೋರಖನಾಥರು ಸಣ್ಣಗೆ ನಗುತ್ತಾರೆ.

ಬೆಸುಗೆ ಕಂಡ ಕೂಡಲೇ ಬೇಡ ಅನ್ನುವುದನ್ನು ಅವರು ಬಿಟ್ಟಿದ್ದಾರೆ. ಯಾರು ಬೆಸೆದರು, ಎಲ್ಲಿ ಇದ್ದಾರೆ ಎಂದು ಕೇಳುತ್ತಾರೆ, ಹೋಗಿ ಮಾತನಾಡಿಸುತ್ತಾರೆ. ಹಾಗಂತ ಶಂಕೆ ಕಡಿಮೆಯಾಗಿದೆ ಎಂದೇನಲ್ಲ. ಮುಂದೆ ಏನು ಆಸೆ ಎಂದರೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

“ಒಂದ್ ದಿನ ಮಾರೋರು ಯಾರರೇ ಬಂದು, ‘ನೋಡ್ರಿ, ಗಾಡಿ ಇಲ್ಲಿ ಬಡದದ, ಹಿಂಗ ರಿಪೇರಿ ಮಾಡ್ಸೀನಿ’ ಅಂತ ತಾವೇ ಬಾಯಿಬಿಟ್ಟು ಹೇಳ್ಬೇಕ್ರಿ. ಹನ್ನೊಂದು ವರ್ಷದಾಗ ಒಬ್ಬರೂ ಹೇಳಿಲ್ಲ.”

ಹೇಳಿದರೆ ನಂಬುತ್ತೀರಾ?

“ನಂಬ್ತೇನಿ,” ಎನ್ನುತ್ತಾರೆ. “ನಂಬಿ, ಆಮ್ಯಾಲ ಕೆಳಗ ಹೊಕ್ಕು ನೋಡ್ತೇನಿ.”